ಉರುಕುಂದಪ್ಪನ ಬಾಯಿ ಹರಕೆ

ಆದವಾನಿಯ ಹುಡುಗಿಯರು ಗುಂತಕಲ್ಲಿನವರ ಎದುರು ಒಂದೇ ಒಂದು ಗೋಲಿನಿಂದ ಸೋತ ದಿನದಿಂದ ಕೂಗು ಉರುಕುಂದಪ್ಪ ಒಂದು ಕಡೆ ಕೂತಿಲ್ಲ. ಅಂಗಾಲು ಸುಟ್ಟ ಬೆಕ್ಕಿನ ಹಾಗೆ ತಿರುಗುತ್ತಾನೆ. ಜಿನ್ನಿಂಗ್ ಮಿಲ್ಲಿನ ಗೇಟಿನಲ್ಲಿ ಅವನಿಗೆಂದೇ ಹಾಕಿದ ಕುರ್ಚಿ ಖಾಲಿ ಬಿದ್ದಿದೆ. ಹತ್ತಿ ತುಂಬಿದ ಲಾರಿ ಒಳಗೆ ಬಂದರೆ ಅದರ ಹಿಂದೆಯೇ ಹೋಗುತ್ತಾನೆ, ಖಾಲಿ ಲಾರಿ ಹೊರಟರೆ ಅದರ ಜೊತೆ ರಸ್ತೆಯವರೆಗೂ ನಡೆಯುತ್ತಾನೆ. ಮನೆಯಲ್ಲಿ ರೊಟ್ಟಿ ಮುರಿದು ಕೈಯಲ್ಲಿ ಹಿಡಿದವನು ಪಲ್ಯಕ್ಕೆ ಹಚ್ಚುವುದನ್ನೇ ಮರೆತು ಎದ್ದು ಅಂಗಳಕ್ಕೆ ಹೋಗಿಬಿಡುತ್ತಾನೆ.

"ಕೂತಲ್ಲಿ ಇರುವಿ ಕಡಿಯಾಕತ್ಯಾವೇನು ನಿನಗ?" ಎಂದು ಹೆಂಡತಿ ಮೂಕಮ್ಮ ಬೈದಳು. ಅದಕ್ಕೂ ಅವನಿಂದ ಉತ್ತರವಿಲ್ಲ.

ಉತ್ತರ ಕೊಡದ ಉರುಕುಂದಪ್ಪನನ್ನು ಆ ಓಣಿ ಕಂಡದ್ದೇ ಇಲ್ಲ. ಉರುಕುಂದ ಊರಿನ ಈರಣ್ಣಸ್ವಾಮಿಯ ಭಕ್ತಿಗೆ ಉರುಕುಂದಪ್ಪ ಎಂದು ಹೆಸರಿಟ್ಟುಕೊಂಡವರಿಗೆ ಈ ಸೀಮೆಯಲ್ಲಿ ಬರವಿಲ್ಲ, ಬಸ್‌ಸ್ಟ್ಯಾಂಡಿನಲ್ಲಿ ನಿಂತು ಆ ಹೆಸರು ಹಿಡಿದು ಕರೆದರೆ ನಾಲ್ಕು ಆಟೋದವರು ತಿರುಗಿ ನೋಡುತ್ತಾರೆ. ಆದರೆ 'ಕೂಗು' ಎಂಬ ಬಿರುದು ಇರುವುದು ಇವನೊಬ್ಬನಿಗೇ. ಇವನು ಊಟಕ್ಕೆ ಕೂತು ಉಪ್ಪು ಕೇಳಿದರೆ ಪಕ್ಕದ ಮನೆಯ ಗಂಗಕ್ಕ ಉಪ್ಪಿನ ಡಬ್ಬಿ ಹಿಡಿದು ಬಾಗಿಲಿಗೆ ಬರುತ್ತಾಳೆ. "ಗಂಡ ಕೂಗಪ್ಪ, ಹೆಂಡ್ತಿ ಮೂಕಮ್ಮ, ದೇವರು ಲೆಕ್ಕ ಹಾಕೇ ಜೋಡಿ ಮಾಡ್ಯಾನ" ಎಂದು ಹೊಸಬರು ನಗುತ್ತಾರೆ. ಹಾಗೆ ನಕ್ಕವರು ಮೂಕಮ್ಮನ ಬಾಯಿಗೆ ಇನ್ನೂ ಸಿಕ್ಕಿಲ್ಲ, ಅಷ್ಟೆ.

ಆ ಗಂಟಲಿಗೆ ಒಂದು ಕಾಲದಲ್ಲಿ ಒಳ್ಳೆಯ ಕೆಲಸವಿತ್ತು. ನಂದವರಂ ಕಡೆಯ ಹಳ್ಳಿಯಿಂದ ಮೀಸೆ ಮೂಡುವ ವಯಸ್ಸಿನಲ್ಲಿ ಬಂದವನು, ಹತ್ತಿ ಮಾರ್ಕೆಟ್ ಯಾರ್ಡಿನಲ್ಲಿ ಹಮಾಲಿ ಮಾಡುತ್ತಿದ್ದ. ಒಂದು ದಿನ ಹರಾಜು ಕೂಗುವವನಿಗೆ ಜ್ವರ ಬಂತು. ಯಾರೋ ತಮಾಷೆಗೆ ಇವನನ್ನು ಮುಂದೆ ತಳ್ಳಿದರು. "ಒಕಟೋಸಾರಿ!" ಎಂದು ತೆಲುಗಿನಲ್ಲಿ ಮೊದಲನೇ ಸಲದ ಕೂಗು ಹಾಕಿದ್ದೇ ತಡ, ಹತ್ತಿಯ ರಾಶಿಯ ಮೇಲೆ ಮಲಗಿದ್ದ ನಾಯಿ ಎದ್ದು ಓಡಿತು, ವರ್ತಕರು ಲೆಕ್ಕ ಬಿಟ್ಟು ತಲೆಯೆತ್ತಿದರು. ಅಂದಿನಿಂದ ಯಾರ್ಡಿನ ಕೂಗು ಅವನದೇ ಆಯಿತು. ಬೆಳಿಗ್ಗೆಯೆಲ್ಲ ತೆಲುಗಿನಲ್ಲಿ ಕೂಗಿ, ಸಂಜೆ ಮನೆಗೆ ಬಂದು ಕನ್ನಡದಲ್ಲಿ ಕೂಗುತ್ತಿದ್ದ. ಆಮೇಲೆ ಕಂಪ್ಯೂಟರ್ ಟೆಂಡರ್ ಬಂತು. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಅನ್ನುತ್ತಾರಲ್ಲ, ಗಾದೆ ಕಟ್ಟಿದವರಿಗೆ ಕಂಪ್ಯೂಟರ್ ಗೊತ್ತಿರಲಿಲ್ಲ ಪಾಪ. ವರ್ತಕರು ಮೊಬೈಲಿನಲ್ಲಿ ದರ ಬರೆಯುತ್ತಾರೆ, ಗೋಡೆಯ ಮೇಲಿನ ಪರದೆ ಸದ್ದಿಲ್ಲದೆ ಗೆದ್ದವರ ಹೆಸರು ತೋರಿಸುತ್ತದೆ. ಉರುಕುಂದಪ್ಪ ಮಿಲ್ಲಿನ ಗೇಟಿಗೆ ಕಾವಲುಗಾರನಾಗಿ ಬಂದು ಕೂತ.

ಗೇಟಿನಿಂದ ಮನೆಗೆ ಹೋಗುವ ದಾರಿಯಲ್ಲಿ ಸರ್ಕಾರಿ ಹೈಸ್ಕೂಲಿನ ಗ್ರೌಂಡ್. ಸೊಂಟದೆತ್ತರದ ಗೋಡೆ, ಒಂದು ಬೇವಿನ ಮರ, ಬಲೆಯಿಲ್ಲದ ಗೋಲುಗಂಬ. ಎರಡು ವರ್ಷದ ಹಿಂದೆ ಒಂದು ಸಂಜೆ ಚಪ್ಪಲಿಯೊಳಗಿನ ಹರಳು ತೆಗೆಯಲು ಅವನು ಆ ಗೋಡೆಯ ಮೇಲೆ ಕೂತಿದ್ದ. ವ್ಯಾಯಾಮ ಶಿಕ್ಷಕಿ ಪದ್ಮಜಾ ಮೇಡಂ ಹುಡುಗಿಯರಿಗೆ ಫುಟ್ಬಾಲ್ ಆಡಿಸುತ್ತಿದ್ದರು. ಎಣ್ಣೆ ಹಚ್ಚಿ ಎರಡು ಜಡೆ ಹೆಣೆದ ಒಬ್ಬ ಹುಡುಗಿ ಕಾಲಿನ ಹತ್ತಿರ ಚೆಂಡು ಇಟ್ಟುಕೊಂಡು ಎತ್ತ ಒದೆಯಲಿ ಎಂದು ನೋಡುತ್ತಿದ್ದಳು. ಅವಳ ಬೆನ್ನ ಹಿಂದೆ ಇನ್ನೊಬ್ಬಳು ಓಡಿ ಬರುತ್ತಿದ್ದಳು. ಉರುಕುಂದಪ್ಪ ಕೂಗಬೇಕೆಂದು ಕೂಗಿದ್ದಲ್ಲ, ಬಾಯಿ ತಾನೇ ತೆರೆಯಿತು.

"ಹಿಂದ!"

ಗ್ರೌಂಡ್ ಪೂರಾ ನಿಂತಿತು. ಆ ಹುಡುಗಿ ಮಾತ್ರ ನಿಲ್ಲಲಿಲ್ಲ. ತಿರುಗಿಯೂ ನೋಡದೆ ಚೆಂಡನ್ನು ಎಡಕ್ಕೆ ತಳ್ಳಿಕೊಂಡು ಹೊರಟೇಬಿಟ್ಟಳು. ಪದ್ಮಜಾ ಮೇಡಂ ಸೊಂಟದ ಮೇಲೆ ಕೈಯಿಟ್ಟು, "ಎವರಂಡಿ ಮೀರು? ಇಕ್ಕಡ ಕೋಚ್ ನೇನಾ, ಮೀರಾ?" ಎಂದು ತೆಲುಗಿನಲ್ಲೇ, ಇಲ್ಲಿ ಕೋಚ್ ನಾನೋ ನೀವೋ ಎಂದು ಗದರಿದರು. ಉರುಕುಂದಪ್ಪ ಚಪ್ಪಲಿ ಕೈಯಲ್ಲಿ ಹಿಡಿದೇ ಓಡಿದ. ಮರುದಿನ ಅದೇ ಹುಡುಗಿ ಮಿಲ್ಲಿನ ಗೇಟಿಗೆ ಬಂದು, "ಮಾಮಾ, ಇವತ್ತೂ ಬಾ" ಎಂದಳು. ಅವಳ ಹೆಸರು ಪಲ್ಲವಿ, ಗಂಗಕ್ಕನ ಮೊಮ್ಮಗಳು. ಪಕ್ಕದ ಮನೆಯಲ್ಲೇ ಇದ್ದ ಹುಡುಗಿಯನ್ನು ಅವನು ಅಲ್ಲಿಯವರೆಗೆ ಸರಿಯಾಗಿ ನೋಡಿಯೇ ಇರಲಿಲ್ಲ.

ಅಂದಿನಿಂದ ಆ ಗೋಡೆ ಅವನ ಯಾರ್ಡಾಯಿತು. ಆಫ್‌ಸೈಡ್ ಎಂದರೆ ಏನೆಂದು ಅವನಿಗೆ ಇವತ್ತಿಗೂ ಗೊತ್ತಿಲ್ಲ, ಕೇಳಿದರೆ "ಅದು ರೆಫರಿಗೇ ಗೊತ್ತಿಲ್ಲ ಬಿಡು" ಎನ್ನುತ್ತಾನೆ. ಅವನಿಗೆ ಬರುತ್ತಿದ್ದುದು ಒಂದೇ ಕೆಲಸ. ಪಲ್ಲವಿ ಗೋಲಿನ ಮುಂದೆ ನಿಂತು ಎದುರಾಳಿಗಳನ್ನು ತಡೆಯುವ ಸ್ಟಾಪರ್, ಅವಳ ಬೆನ್ನಿಗೆ ಯಾರಾದರೂ ಬಂದರೆ ಇವನು "ಹಿಂದ!" ಎನ್ನಬೇಕು. ಎಮ್ಮಿಗನೂರಿಗೆ ಹೋದರೂ ಸರಿ, ಕರ್ನೂಲಿಗೆ ಹೋದರೂ ಸರಿ, ರಜೆ ಹಾಕಿ ಬಸ್ಸಿನಲ್ಲಿ ಹುಡುಗಿಯರ ಹಿಂದಿನ ಸೀಟಿನಲ್ಲಿ ಇವನೂ ಇರುತ್ತಿದ್ದ. ಪದ್ಮಜಾ ಮೇಡಂ ಬೈದು ಬೈದು ಸೋತರು. "ಉರುಕುಂದಪ್ಪ ಗಾರೂ, ಆ ಹುಡುಗಿ ಕಣ್ಣು ಮರ್ತು ಕಿವಿಯಲ್ಲೇ ಆಡ್ತಾ ಇದಾಳೆ" ಎಂದು ತಮಗೆ ಬರುವ ಕನ್ನಡದಲ್ಲಿ ಹೇಳುತ್ತಿದ್ದರು. ಆ ಮಾತನ್ನು ಅವನು ಹೊಗಳಿಕೆ ಎಂದೇ ತಿಳಿದ.

ಈ ಚಳಿಗಾಲದಲ್ಲಿ ಸುತ್ತಲಿನ ಊರುಗಳ ಟೂರ್ನಮೆಂಟು ಆದವಾನಿಯಲ್ಲೇ ನಡೆಯಿತು. ನಮ್ಮ ಹುಡುಗಿಯರು ಫೈನಲ್ ಮುಟ್ಟಿದರು. ಎದುರಿಗೆ ಗುಂತಕಲ್. ರೈಲ್ವೆ ಊರು ಅದು, ಅಲ್ಲಿ ಮೂರು ತಲೆಮಾರಿನಿಂದ ಚೆಂಡು ಒದೆಯುವವರಿದ್ದಾರೆ. ಉರುಕುಂದಪ್ಪ ತನ್ನೊಳಗೇ ಲೆಕ್ಕ ಹಾಕಿದ. ಏನಾದರೂ ಮಾಡಲೇಬೇಕು. ಆಡುವವರು ಆಡುತ್ತಾರೆ, ತಾನೇನು ಮಾಡಿದ ಹಾಗಾಯಿತು? ಸೋಮವಾರ ನೋಡಿ ಬಸ್ ಹತ್ತಿ ಉರುಕುಂದಕ್ಕೆ ಹೋಗಿ, ತನ್ನ ಹೆಸರಿನ ದೇವರ ಮುಂದೆ ನಿಂತ.

ಏನು ಕೊಡಬೇಕು? ಕಾಯಿ ಎಲ್ಲರೂ ಒಡೆಯುತ್ತಾರೆ. ಮುಡಿ ಕೊಡೋಣವೆಂದರೆ ತಲೆ ಬೋಳಾಗಿ ಎಷ್ಟೋ ಕಾಲವಾಗಿದೆ, ಇಲ್ಲದ್ದನ್ನು ಕೊಡುತ್ತೇನೆಂದರೆ ಈರಣ್ಣನಿಗೇ ನಗು ಬಂದೀತು. ಅವನ ಅವ್ವ ಹೇಳುತ್ತಿದ್ದಳು, "ಹರಕಿ ಅಂದ್ರ ಕೊಡುವಾಗ ಜೀವ ಚುರ್ ಅನ್ನಬೇಕು, ಇಲ್ಲಂದ್ರ ಅದು ಹರಕಿ ಅಲ್ಲ" ಎಂದು. ಏನು ಕೊಟ್ಟರೆ ತನ್ನ ಜೀವ ಚುರ್ ಅನ್ನುತ್ತದೆ ಎಂದು ಕಣ್ಣು ಮುಚ್ಚಿ ಯೋಚಿಸಿದ. ತಕ್ಷಣ ಹೊಳೆಯಿತು. ಹೊಳೆದದ್ದಕ್ಕೆ ಹೆದರಿಕೆಯೂ ಆಯಿತು. ಹೆದರಿಕೆಯಾಯಿತಲ್ಲ, ಹಾಗಾದರೆ ಇದೇ ಸರಿಯಾದ ಹರಕೆ ಎಂದುಕೊಂಡ.

"ತಂದೇ ಈರಣ್ಣಾ, ನಮ್ಮ ಹುಡುಗೇರು ಗೆಲ್ಲೋತನಕ ಗ್ರೌಂಡಿನಾಗ ಬಾಯಿ ಬಿಡಂಗಿಲ್ಲ" ಎಂದು ಅಡ್ಡಬಿದ್ದ.

ನೋಡಿ, ಪ್ರೀತಿ ಮನುಷ್ಯನ ಬುದ್ಧಿಯನ್ನು ಎಲ್ಲಿಗೆ ಒಯ್ಯುತ್ತದೆ! ಮಾತು ಬೆಳ್ಳಿ, ಮೌನ ಬಂಗಾರ ಎಂದ ಮಹಾನುಭಾವ ಒಂದು ದಿನವೂ ಫುಟ್ಬಾಲ್ ನೋಡಿದವನಲ್ಲ. ಆದರೆ ಆ ಕ್ಷಣಕ್ಕೆ ಉರುಕುಂದಪ್ಪನಿಗೆ ತಾನು ಬಂಗಾರವನ್ನೇ ಕೊಟ್ಟುಬಂದೆ ಅನ್ನಿಸಿತು. ಹರಕೆಯನ್ನು ಇನ್ನೊಬ್ಬರಿಗೆ ಹೇಳಿದರೆ ಫಲ ಕೆಡುತ್ತದೆ ಎಂಬುದು ಅವರ ಕಡೆಯ ನಂಬಿಕೆ. ಹಾಗಾಗಿ ಮೂಕಮ್ಮನಿಗೂ ಹೇಳಲಿಲ್ಲ, ಪಲ್ಲವಿಗೂ ಹೇಳಲಿಲ್ಲ.

ಫೈನಲ್ಲಿನ ದಿನ ಗೋಡೆಯ ಮೇಲೆ ಜಾಗವಿರಲಿಲ್ಲ. ಉರುಕುಂದಪ್ಪ ಟವೆಲ್ಲನ್ನು ಬಾಯಿಗೆ ಸುತ್ತಿ ಹಿಂದೆ ಗಂಟು ಹಾಕಿಕೊಂಡು ಬಂದ. ಟೀ ಅಂಗಡಿಯ ಶ್ರೀನು, "ಏಮಣ್ಣಾ, ಗಂಟಲು ಹೋತೇನು ಇವತ್ತೇ?" ಎಂದ. ಇವನು ತಲೆ ಅಲ್ಲಾಡಿಸಿದ. ಪಲ್ಲವಿ ಆಟ ಶುರುವಾಗುವ ಮುಂಚೆ ವಾಡಿಕೆಯಂತೆ ಗೋಡೆಯ ಕಡೆ ನೋಡಿ ಕೈಯೆತ್ತಿದಳು. ಇವನೂ ಕೈಯೆತ್ತಿದ. ಮಾಮ ಬಂದಿದ್ದಾನೆ ಎಂದು ಅವಳಿಗೆ ಅಷ್ಟೇ ಬೇಕಾಗಿತ್ತು.

ಮೊದಲ ಅರ್ಧದಲ್ಲಿ ನಮ್ಮ ಶಿವಲೀಲಾ ಗೋಲು ಹೊಡೆದಳು. ಊರು ಕುಣಿಯಿತು, ಉರುಕುಂದಪ್ಪ ಟವೆಲ್ಲಿನೊಳಗೇ ಹೂಂಕರಿಸಿದ. ಹರಕೆ ಹಿಡಿಯಿತು ಎಂದುಕೊಂಡ. ಎರಡನೇ ಅರ್ಧದಲ್ಲಿ ಗುಂತಕಲ್ಲಿನವರು ಒಂದು ಹೊಡೆದು ಸಮ ಮಾಡಿದರು. ಆಟ ಮುಗಿಯುವ ಹೊತ್ತು. ಚೆಂಡು ಪಲ್ಲವಿಯ ಕಾಲಿಗೆ ಬಂತು. ಅವಳು ನಿಧಾನ ಮಾಡಿದಳು, ತಲೆಯೆತ್ತಿ ದೂರದಲ್ಲಿ ಶಿವಲೀಲಾಳನ್ನು ಹುಡುಕಿದಳು. ಅವಳ ಬೆನ್ನ ಹಿಂದೆ, ಬೇವಿನ ಮರದ ನೆರಳಿನ ಕಡೆಯಿಂದ, ಗುಂತಕಲ್ಲಿನ ಗಿಡ್ಡ ಹುಡುಗಿಯೊಬ್ಬಳು ಸದ್ದಿಲ್ಲದೆ ಓಡಿ ಬಂದಳು.

ಉರುಕುಂದಪ್ಪ ಕಂಡ. ಎಲ್ಲರಿಗಿಂತ ಮುಂಚೆ ಅವನೇ ಕಂಡ. ಆ ಒಂದು ಮಾತು ಎದೆಯಿಂದ ಎದ್ದು ಗಂಟಲಿಗೆ ಬಂದು ಹಲ್ಲಿಗೆ ಬಡಿಯಿತು. ಅವನು ಟವೆಲ್ಲನ್ನು ಕಚ್ಚಿದ. ಬಿಸಿ ತುಪ್ಪ ನುಂಗಿದವನ ಹಾಗೆ ಕಣ್ಣಲ್ಲಿ ನೀರು ಬಂತು. ಗಿಡ್ಡ ಹುಡುಗಿ ಚೆಂಡು ಕಿತ್ತುಕೊಂಡಳು, ಎರಡು ಹೆಜ್ಜೆ ಓಡಿದಳು, ಒದ್ದಳು. ಗೋಲು. ಮತ್ತೆ ಆಟ ಶುರುವಾಗುವಷ್ಟರಲ್ಲಿ ಆಟ ಮುಗಿಸುವ ಸೀಟಿ ಹೊಡೆದರು. ಪಲ್ಲವಿ ಗುಂತಕಲ್ಲಿನವರ ಕುಣಿತ ನೋಡಲಿಲ್ಲ, ಚೆಂಡನ್ನೂ ನೋಡಲಿಲ್ಲ, ಗೋಡೆಯ ಕಡೆ ನೋಡಿದಳು. ಉರುಕುಂದಪ್ಪ ತಲೆ ತಗ್ಗಿಸಿದ.

ಸೋಲು ಯಾರಿಗೆ ಬರುವುದಿಲ್ಲ? ಯಾರ್ಡಿನಲ್ಲಿ ದಿನಾ ಎಷ್ಟೋ ಜನ ಸೋತು ಹೋಗುವುದನ್ನು ಅವನು ಕಂಡಿದ್ದಾನೆ. ಎರಡು ಗೋಲು, ಮೂರು ಗೋಲಿನಿಂದ ಸೋತಿದ್ದರೆ ಒಂದು ಚಹಾ ಕುಡಿದು ಮರೆಯಬಹುದಿತ್ತು. ಒಂದೇ ಒಂದು. ಅದೂ ಒಂದು ಮಾತಿನಷ್ಟು ದೂರದಲ್ಲಿ. ಕೂಗಿದ್ದರೆ ಪಲ್ಲವಿ ಎಡಕ್ಕೆ ಸರಿಯುತ್ತಿದ್ದಳು, ಆ ಗಿಡ್ಡಿ ಬರೀ ಮಣ್ಣು ಒದೆಯುತ್ತಿದ್ದಳು. ಆದರೆ ಕೂಗಿದ್ದರೆ ಹರಕೆ ಮುರಿಯುತ್ತಿತ್ತು, ದೇವರು ಮುನಿದು ಆಮೇಲೆ ಸೋಲಿಸುತ್ತಿದ್ದನೇನೋ. ಹಾಗಾದರೆ ಕೂಗದೆ ಇದ್ದದ್ದಕ್ಕೆ ದೇವರು ಕೊಟ್ಟದ್ದೇನು? ಈ ಲೆಕ್ಕವನ್ನು ಹಿಡಿದುಕೊಂಡೇ ಅವನು ಮಿಲ್ಲಿಗೆ ಹೋದ, ಹಿಡಿದುಕೊಂಡೇ ಬಂದ. ಹಿಂದಕ್ಕೆ ಬರುತ್ತಿದ್ದ ಲಾರಿಯೊಂದು ಹತ್ತಿ ಮೂಟೆಗಳ ಸಾಲಿಗೆ ತಾಗುವಂತಾದಾಗ "ಹಿಂದ!" ಎಂದು ಅರಚಿದ. ಡ್ರೈವರು ಎದೆ ಒತ್ತಿಕೊಂಡು ಇಳಿದು ಬಂದ. ನೋಡು, ಇಲ್ಲಿ ಎಷ್ಟು ಚೆನ್ನಾಗಿ ಬರುತ್ತದೆ ಎಂದು ಉರುಕುಂದಪ್ಪನಿಗೆ ತನ್ನ ಗಂಟಲ ಮೇಲೇ ಸಿಟ್ಟು ಬಂತು.

ಅದಕ್ಕಿಂತ ದೊಡ್ಡ ಸಂಕಟ ಇನ್ನೊಂದು ತಲೆಗೆ ಹೊಕ್ಕಿತು. ಅವನು ದೇವರ ಮುಂದೆ ಹೇಳಿದ್ದು 'ಗೆಲ್ಲೋತನಕ' ಎಂದು. ಫೈನಲ್ ಮುಗಿಯುವತನಕ ಎಂದಲ್ಲ. ಗೆದ್ದಿಲ್ಲವಲ್ಲ! ಹಾಗಾದರೆ ಹರಕೆ ಇನ್ನೂ ನಡೆಯುತ್ತಿದೆ. ಇವನು ಕೂಗದೆ ಅವರು ಗೆಲ್ಲುವುದಿಲ್ಲ, ಅವರು ಗೆಲ್ಲದೆ ಇವನು ಕೂಗುವಂತಿಲ್ಲ. ಅತ್ತ ದರಿ, ಇತ್ತ ಪುಲಿ. ಬಳ್ಳಾರಿಯಲ್ಲಿ ಮುಂದಿನ ಪಂದ್ಯ ಹತ್ತಿರ ಬರುತ್ತಿತ್ತು.

ಶ್ರೀನುವಿನ ಅಂಗಡಿಯಲ್ಲಿ ಮಂಡಕ್ಕಿ ಉಗ್ಗಾಣಿ ತಿನ್ನುತ್ತ ಜನ ಅದೇ ಗೋಲನ್ನು ದಿನಾ ಮತ್ತೆ ಆಡುತ್ತಿದ್ದರು. "ಆ ಎರಡು ಜಡಿ ಹುಡಿಗಿ ನಿದ್ದಿ ಮಾಡಾಕತ್ತಿದ್ಲು. ಆಕಿನ್ನ ತೆಗಿಬೇಕ್ರಿ ಟೀಮಿನಿಂದ" ಎಂದ ಒಬ್ಬ.

"ನಿಮ್ಮಪ್ಪ ನಿದ್ದಿ ಮಾಡಾಕತ್ತಿದ್ನೇನೋ!" ಎಂದು ಉರುಕುಂದಪ್ಪ ಎದ್ದು ನಿಂತ. ಉಗ್ಗಾಣಿಯ ತಟ್ಟೆಗಳು ನಡುಗಿದವು. "ಆಕಿ ಬೆನ್ನಾಗ ಕಣ್ಣು ಇಟ್ಕಂಡಾಳೇನು?"

"ಅಣ್ಣಾ, ಅಷ್ಟು ಗಂಟಲು ಇದ್ರ ಅವತ್ತೇ ಬಿಡಬೇಕಾಗಿತ್ತಲ್ಲ" ಎಂದ ಶ್ರೀನು, ಹಾಲು ಸೋಸುತ್ತ, ಕೆಟ್ಟ ಮನಸ್ಸಿಲ್ಲದೆ. ಉರುಕುಂದಪ್ಪ ಚಹಾ ಅಲ್ಲೇ ಬಿಟ್ಟು ಹೊರಗೆ ಬಂದ.

ಶುಕ್ರವಾರ ಸಂಜೆ ಗಂಗಕ್ಕ ಬಂದು, ಪಲ್ಲವಿ ಪ್ರಾಕ್ಟೀಸಿಗೆ ಹೋಗುವುದನ್ನೇ ಬಿಟ್ಟಿದ್ದಾಳೆ, ನಾಳೆ ಜರ್ಸಿ ವಾಪಸ್ ಕೊಟ್ಟು ಬರುತ್ತಾಳಂತೆ ಎಂದು ಹೇಳಿದಳು. "ನನ್ನಿಂದನ ಸೋತ್ರು ಅಂತಾಳ. ಊಟ ಸರಿಯಾಗಿ ಮಾಡಾಕತ್ತಿಲ್ಲಪ್ಪಾ. ನಿನ್ನ ಮ್ಯಾಲೂ ಏನೋ ಐತಿ ಆಕಿ ಮನಸಿನಾಗ, ನಿನ್ನ ಹೆಸರು ತೆಗುದ್ರ ಎದ್ದು ಹೋಗ್ತಾಳ."

ಗಂಗಕ್ಕ ಹೋದ ಮೇಲೆ ಉರುಕುಂದಪ್ಪನಿಗೆ ತಡೆಯಲಾಗಲಿಲ್ಲ. ಫಲ ಕೆಟ್ಟರೆ ಕೆಡಲಿ, ಉಳಿದಿರುವ ಫಲವಾದರೂ ಏನು ಎಂದು ಮೂಕಮ್ಮನ ಮುಂದೆ ಎಲ್ಲ ಹೇಳಿದ. ಅವಳು ಮೊದಲು ನಕ್ಕಳು. ಸೆರಗು ಬಾಯಿಗಿಟ್ಟುಕೊಂಡು ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ಆಮೇಲೆ ಅಷ್ಟೇ ಜೋರಾಗಿ ಸಿಟ್ಟಿಗೆ ಬಂದಳು.

"ಈರಣ್ಣ ಬಂದು ನಿನ್ನ ಬಾಯಿ ಕೇಳಿದ್ನಾ? ಆತಗ ಏನು ಮಾಡಾಕ ಬೇಕು ನಿನ್ನ ಬಾಯಿ? ಆ ಕೂಸಿಗೆ ಬೇಕಾಗಿತ್ತು ಅದು. ಆಕಿದನ್ನ ತಗದು ದೇವರಿಗೆ ಕೊಟ್ಟು ಬಂದಿ. ಇನ್ನೊಬ್ಬರದು ತಂದು ಹರಕಿ ಕೊಡ್ತಾರೇನು ಯಾರಾದ್ರೂ?"

ಉರುಕುಂದಪ್ಪ ಎದ್ದು ಚಪ್ಪಲಿ ಮೆಟ್ಟಿಕೊಂಡ.

"ಸೋಮವಾರ ಹೋಗಿ ತಪ್ಪಾತು ಅಂತ ಗಲ್ಲ ಬಡಕಂಡು ಬರೂನು" ಎಂದು ಮೂಕಮ್ಮ ತಣ್ಣಗಾಗಿ ಹೇಳಿದಳು. "ತಪ್ಪು ಕಾಣಿಕಿ ಹಾಕಿದ್ರ ದೇವರು ಬಿಡ್ತಾನ. ಅಲ್ಲಿತನಕ ಸುಮ್ನಿರು."

ಆದರೆ ಶನಿವಾರ ಸೋಮವಾರಕ್ಕಿಂತ ಮುಂಚೆ ಬರುತ್ತದೆ. ಶನಿವಾರ ಮಿಲ್ಲಿನ ಸೈರನ್ ಆಗುತ್ತಲೇ ಉರುಕುಂದಪ್ಪನ ಕಾಲುಗಳು ಅವನನ್ನು ಕೇಳದೆ ಗ್ರೌಂಡಿಗೆ ಹೋದವು. ಗೋಡೆಯ ಮೇಲೆ ಕೂತ, ಎದ್ದ, ಮತ್ತೆ ಕೂತ. ಪದ್ಮಜಾ ಮೇಡಂ ಆಚೆ ಗೋಲಿನ ಹತ್ತಿರ ಸೀಟಿ ಊದುತ್ತಿದ್ದರು. ಬಳ್ಳಾರಿಗೆ ಹೋಗುವ ಹುಡುಗಿಯರು ಓಡುತ್ತಿದ್ದರು. ಸ್ಟಾಪರಿನ ಜಾಗದಲ್ಲಿ ಹೊಸ ಹುಡುಗಿಯೊಬ್ಬಳು ಗಾಬರಿಯಿಂದ ನಿಂತಿದ್ದಳು.

ಪಲ್ಲವಿ ಬಂದಳು. ಸ್ಕೂಲ್ ಯೂನಿಫಾರ್ಮಿನಲ್ಲೇ ಇದ್ದಳು, ಜರ್ಸಿಯನ್ನು ಒಗೆದು ಇಸ್ತ್ರಿ ಮಾಡಿ ಮಡಚಿ ಕೈಯಲ್ಲಿ ಹಿಡಿದಿದ್ದಳು. ಮೇಡಂ ಹತ್ತಿರ ಹೋಗುವ ಧೈರ್ಯವಾಗಲಿಲ್ಲವೋ ಏನೋ, ನೇರ ಗೋಡೆಗೆ ಬಂದು ಅದನ್ನು ಉರುಕುಂದಪ್ಪನ ಪಕ್ಕದಲ್ಲಿಟ್ಟಳು.

"ಮೇಡಂಗೆ ಕೊಟ್ಟುಬಿಡು ಮಾಮಾ."

ಅವನು ಅವಳ ಮುಖ ನೋಡಿದ.

"ಇವತ್ತೂ ಸುಮ್ನ?" ಎಂದಳು. "ಅವತ್ತು ನಾ ತಿರುಗಿ ನೋಡ್ಲಿಲ್ಲ ಯಾಕ ಗೊತ್ತೇನು? ನೀ ಇದ್ದಿಯಲ್ಲ ಅಂತ. ನೀ ಕೂಗ್ಲಿಲ್ಲ. ಅದಕ್ಕ ಹಿಂದ ಯಾರೂ ಇಲ್ಲ ಅಂತ ತಿಳ್ಕಂಡ್ನಿ."

ಅಷ್ಟು ಹೇಳಿ ಗ್ರೌಂಡಿನ ಗೇಟಿನ ಕಡೆ ನಡೆದಳು. ಉರುಕುಂದಪ್ಪ ಎದ್ದು ನಿಂತ. ಉತ್ತರ ಕೊಡಬೇಕು, ಈಗಲೇ ಕೊಡಬೇಕು. ಆದರೆ ಇದು ಗ್ರೌಂಡ್. ಹರಕೆ ಇರುವುದು ಗ್ರೌಂಡಿನಲ್ಲಿ ಬಾಯಿ ಬಿಡಬಾರದೆಂದು ತಾನೆ? ರಸ್ತೆಯಲ್ಲಿ ಬಿಡಬಹುದಲ್ಲ! ಗೆರೆ ದಾಟಿದ ಚೆಂಡು ಆಟಕ್ಕಿಲ್ಲ ಎಂದು ಮೇಡಂ ಹೇಳುವ ರೂಲ್ಸಿಗೆ ಇದೂ ಸರಿಹೋಗುತ್ತದೆ ಎಂದುಕೊಂಡು ಅವನು ಗಡಿಬಿಡಿಯಿಂದ ಒಂದು ಕಾಲೆತ್ತಿ ಗೋಡೆಯ ಆಚೆಗೆ ಹಾಕಿದ. ರಸ್ತೆಗೆ ಹಾರಿ, ಓಡಿ, ಗೇಟಿನ ಹತ್ತಿರ ಅವಳನ್ನು ಹಿಡಿಯಬೇಕು. ಇನ್ನೊಂದು ಕಾಲು ಒಳಗೇ ಇತ್ತು. ವಯಸ್ಸಾದ ಮೈ, ಬೇಗ ಬಗ್ಗಲಿಲ್ಲ. ಪಲ್ಲವಿ ಒಮ್ಮೆ ಹಿಂದಿರುಗಿ ನೋಡಿದಳು. ಅವಳಿಗೆ ಕಂಡದ್ದು ಗೋಡೆ ಹತ್ತಿ ಹೊರಟು ಹೋಗುತ್ತಿರುವ ಮಾಮನ ಬೆನ್ನು. ಅವಳು ಮುಖ ತಿರುಗಿಸಿಕೊಂಡು ಜೋರಾಗಿ ನಡೆದಳು.

ಆಗ ಆಚೆ ಗೋಲಿನಿಂದ ಒಂದು ಚೆಂಡು ಅಡ್ಡಾದಿಡ್ಡಿ ಉರುಳಿಕೊಂಡು ಅವಳ ಬೆನ್ನಿಗೆ ಬಂತು. ಅದರ ಹಿಂದೆ ಶಿವಲೀಲಾ ತಲೆ ತಗ್ಗಿಸಿ ಓಡಿ ಬರುತ್ತಿದ್ದಳು.

ಉರುಕುಂದಪ್ಪ ಗೋಡೆಯ ಮೇಲೆ ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ ಕುದುರೆ ಹತ್ತಿದವನಂತೆ ಕೂತಿದ್ದ. ಹರಕೆ, ಸೋಮವಾರ, ಈರಣ್ಣ, ರಸ್ತೆ ಎಲ್ಲ ಮರೆತುಹೋಯಿತು.

"ಪಲ್ಲವೀ! ಹಿಂದ!"

ಬೇವಿನ ಮರದ ಕಾಗೆಗಳು ಎದ್ದವು. ರಸ್ತೆಯಲ್ಲಿ ಆಟೋ ಒಂದು ಬ್ರೇಕ್ ಹಾಕಿತು. ಪಲ್ಲವಿ ತಿರುಗಿ ನೋಡಲಿಲ್ಲ. ಎರಡು ವರ್ಷದಿಂದ ಮಾಡಿದ ಹಾಗೆ ಎಡಕ್ಕೆ ಸರಿದು, ಚಪ್ಪಲಿ ಕಾಲಿನಿಂದಲೇ ಚೆಂಡು ತಡೆದು, ಓಡಿ ಬಂದ ಶಿವಲೀಲಾಳನ್ನು ಪಕ್ಕಕ್ಕೆ ಬಿಟ್ಟು, ಗ್ರೌಂಡಿನ ಆ ತುದಿಗೆ ಒದ್ದಳು. ಚೆಂಡಿನ ಜೊತೆ ಒಂದು ಚಪ್ಪಲಿಯೂ ಹೋಯಿತು. ಆಮೇಲೆ ಒಂಟಿ ಚಪ್ಪಲಿಯಲ್ಲೇ ಗೋಡೆಗೆ ಬಂದು ನಿಂತಳು. ಕಣ್ಣಿಂದ ನೀರು ಸುರಿಯುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ.

"ಇಷ್ಟು ದಿನ ಎಲ್ಲಿಗೆ ಹೋಗಿತ್ತು ಈ ಬಾಯಿ?"

ಅವಳಿಗೊಬ್ಬಳಿಗೇ ಕೇಳುವ ಹಾಗೆ ಮೆಲ್ಲಗೆ ಹೇಳಬೇಕೆಂದುಕೊಂಡ. ಆದರೆ ಆ ಗಂಟಲಿಗೆ ಮೆಲ್ಲಗೆ ಎಂಬುದನ್ನು ಯಾರೂ ಕಲಿಸಿರಲಿಲ್ಲ. "ಹರಕಿ ಹೊತ್ತಿದ್ನವ್ವಾ! ನೀವು ಗೆಲ್ಲೋತನಕ ಬಾಯಿ ಬಿಡಂಗಿಲ್ಲ ಅಂತ ಈರಣ್ಣಗ ಮಾತು ಕೊಟ್ಟಿದ್ನಿ! ನೀವು ಗೆಲ್ಲಲಿ ಅಂತನ ಸುಮ್ನಿದ್ನಿ!" ಎಂದದ್ದು ಆಚೆ ಗೋಲಿನ ಹತ್ತಿರ ನಿಂತಿದ್ದ ಪದ್ಮಜಾ ಮೇಡಂವರೆಗೂ ಹೋಯಿತು. ಅವರ ಬಾಯಿಂದ ಸೀಟಿ ಕೆಳಗೆ ಬಿತ್ತು. "ದೇವುಡಾ" ಎಂದು ಹಣೆ ಬಡಿದುಕೊಂಡರು.

ಉರುಕುಂದಪ್ಪ ಉರುಕುಂದದ ದಿಕ್ಕಿಗೆ ತಿರುಗಿ ಪಟಪಟನೆ ಎರಡೂ ಗಲ್ಲ ಬಡಿದುಕೊಂಡ. ಹೊರಗೆ ಹಾಕಿದ್ದ ಕಾಲನ್ನು ಎತ್ತಿ ಒಳಗೆ ತಂದುಕೊಂಡ. ಪಲ್ಲವಿ ಅವನನ್ನೇ ನೋಡುತ್ತ ನಿಂತಿದ್ದಳು. ಅಳುವಿನ ನಡುವೆಯೇ ನಗು ಬಂದುಬಿಟ್ಟಿತ್ತು, ತಡೆದುಕೊಳ್ಳಲು ನೋಡಿ ಸೋತಳು. ಗೋಡೆಯ ಮೇಲಿನ ಜರ್ಸಿಯನ್ನು ಎತ್ತಿಕೊಂಡಳು, ಯೂನಿಫಾರ್ಮಿನ ಮೇಲೆಯೇ ತಲೆಯಿಂದ ಹಾಕಿಕೊಂಡು ಜಡೆಗಳನ್ನು ಹೊರಗೆ ಎಳೆದಳು.

"ಇನ್ನೊಮ್ಮಿ ಸೋತ್ರೂ ಚಿಂತಿಲ್ಲ ಮಾಮಾ" ಎಂದಳು. "ಸುಮ್ನ ಮಾತ್ರ ಕೂಡಬ್ಯಾಡ."